ಅಣ್ಣಿಗೇರಿಗೆ ಹೋಗಿಬಂದ ಕಾರ್ಡುಗಳು

ಗ್ರಾಫಿಕ್ಸ್ ಕಾರ್ಡುಗಳ ಬಗ್ಗೆ ತೀರ್ಪು ಕೊಡುವವರಿಗೆ ಈಗ ಕೊರತೆಯಿಲ್ಲ. ಮೊಬೈಲು ತೆರೆದರೆ ಸಾಕು, ಗಡ್ಡ ಬಿಟ್ಟ ಹುಡುಗರು ಎರಡು ಕೈಯಲ್ಲಿ ಎರಡು ಕಾರ್ಡು ಹಿಡಿದುಕೊಂಡು ಯಾವುದು ಆಟವನ್ನು ಸರಾಗವಾಗಿ ಓಡಿಸುತ್ತದೆ, ಯಾವುದು ಹೆಚ್ಚು ಬಿಸಿಯಾಗುತ್ತದೆ, ಯಾವುದು ಕರೆಂಟು ನುಂಗುತ್ತದೆ ಎಂದು ಗೆರೆ ಎಳೆದು ಬಣ್ಣ ತುಂಬಿ ತೋರಿಸುತ್ತಾರೆ. ಆದರೆ ಕಾರ್ಡಿನ ಪರೀಕ್ಷೆಗೆ ಮೊದಲು ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು, ಕೈ ತೊಳೆದುಕೊಂಡು, ಆಟದ ಸ್ಟೇರಿಂಗನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದವರನ್ನು ನಾನು ಕಂಡದ್ದು ಒಬ್ಬರನ್ನೇ. ನವಲಗುಂದದವರು. ಸರಕಾರಿ ಬಸ್ಸಿನ ಡ್ರೈವರಾಗಿದ್ದವರು. ಹೋದ ತಿಂಗಳು ತೀರಿಕೊಂಡರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನನಗೇ ಬೇರೆ ಯಾರದೋ ಬಗ್ಗೆ ಬರೆದಂತೆ ಅನಿಸುತ್ತದೆ. ಚಾಲಕರೊಂದಿಗೆ ಮಾತನಾಡಬಾರದೆಂದು ಬಸ್ಸಿನೊಳಗೆ ಬರೆದಿರುತ್ತಾರಲ್ಲ, ಅದನ್ನು ಓದಿ ಪಾಲಿಸಿದ ಪ್ರಯಾಣಿಕ ಬಹುಶಃ ನಾನೊಬ್ಬನೇ. ವರ್ಷಗಟ್ಟಲೆ ಅವರ ಬೆನ್ನ ಹಿಂದೆ ಕೂತೂ ಹೆಸರು ಕೇಳಿರಲಿಲ್ಲ. ಆಮೇಲೆ ಪರಿಚಯ ಬೆಳೆದು, ಕೇಳುವ ಕಾಲ ಮೀರಿಹೋಗಿತ್ತು. 'ಅಣ್ಣಾರ' ಎಂದೇ ಕರೆದೆ. ಪೂರ್ತಿ ಹೆಸರು ಗೊತ್ತಾದದ್ದು ಬಸ್‌ಸ್ಟ್ಯಾಂಡಿನ ಎದುರು ಕಟ್ಟಿದ ಶ್ರದ್ಧಾಂಜಲಿಯ ಬ್ಯಾನರಿನಿಂದ.

ನಾನು ಅಣ್ಣಿಗೇರಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುತ್ತೇನೆ; ಮನೆ ನವಲಗುಂದದಲ್ಲಿ. ಅಂದರೆ ದಿನಾ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಬೇರೆಯವರಿಗೆ ಅದು ನಿದ್ದೆ ಮಾಡುವ ಹೊತ್ತು. ನನಗೆ ಕೆಲಸದ ಹೊತ್ತು. ಹತ್ತಿ ಹೇರಿದ ಟ್ರ್ಯಾಕ್ಟರು ಅಡ್ಡ ಬಂದರೆ, ಮಳೆಗೆ ಎರೆಮಣ್ಣು ಜಾರಿ ರಸ್ತೆಯ ಅಂಚು ಕುಸಿದರೆ, ಮುಂದಿನ ಗಾಲಿ ಒಡೆದರೆ, ಡ್ರೈವರಿಗೆ ಮನೆಯಲ್ಲಿ ಯಾರೋ ಏನೋ ಅಂದು ಅವರ ಲಕ್ಷ್ಯ ಅಲ್ಲೇ ಇದ್ದರೆ, ಹೀಗೆ ಒಂದೊಂದನ್ನೂ ನಾನು ಮುಂಚಿತವಾಗಿ ಯೋಚಿಸಿ ಇಡಬೇಕಾಗಿತ್ತು. ಅದಕ್ಕಾಗಿ ಡ್ರೈವರಿನ ಹಿಂದಿನ ಮೊದಲ ಸೀಟು ಹಿಡಿಯುತ್ತಿದ್ದೆ. ಹಳ್ಳದ ಸೇತುವೆ ಹತ್ತಿರ ಬಂದಾಗ ನನ್ನ ಬಲಗಾಲು ನನ್ನನ್ನು ಕೇಳದೇ ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಅಲ್ಲಿ ಬ್ರೇಕ್ ಇಲ್ಲವೆಂದು ಕಾಲಿಗೆ ಯಾರೂ ಹೇಳಿರಲಿಲ್ಲ.

ಒಂದು ದಿನ ಬಸ್ಸು ಸೇತುವೆ ದಾಟಿದ ಮೇಲೆ ಮುಂದಿನಿಂದ ಮಾತು ಬಂತು.

“ಸರ, ಬ್ರೇಕ್ ನೀವ ಹಿಡದ್ರ ನಾ ಏನ್ ಮಾಡ್ಲಿ?”

ನಾನು ತಲೆಯೆತ್ತಿದೆ. ಅವರ ತಲೆಯ ಮೇಲಿನ ಒಳಗನ್ನಡಿಯಲ್ಲಿ ಎರಡು ಕಣ್ಣು, ನಡುವೆ ವಿಭೂತಿಯ ಮೂರು ಗೆರೆ. ಅವು ನನ್ನನ್ನೇ ನೋಡುತ್ತಿದ್ದವು.

“ಹಂಗೇನಿಲ್ರಿ ಅಣ್ಣಾರ, ಕಾಲು ಜೋಮು ಹಿಡದಿತ್ತು,” ಎಂದೆ.

“ಸೇತುವೆ ಬಂದಾಗ ಅಷ್ಟ ಜೋಮು ಹಿಡೀತೈತಲ್ರಿ. ಯಾರಿಗರೆ ತೋರಸ್ರಿ.”

ಬಸ್ಸಿನವರೆಲ್ಲ ನಕ್ಕರು. ನನಗೆ ಅವಮಾನವಾಗಬೇಕಿತ್ತು. ಆಗಿದ್ದು ಸಮಾಧಾನ. ನನ್ನ ಕಾಲನ್ನೂ ನೋಡುವ ಮನುಷ್ಯ ರಸ್ತೆಯನ್ನು ನೋಡದೇ ಇರುತ್ತಾರೆಯೇ? ಮರುಕ್ಷಣವೇ, ನನ್ನ ಕಾಲು ನೋಡುತ್ತಿದ್ದರೆ ರಸ್ತೆಯನ್ನು ಯಾವಾಗ ನೋಡುತ್ತಾರೆ ಎಂಬ ಚಿಂತೆ ಹತ್ತಿತು. ಅದು ಬೇರೆ ಮಾತು.

ಆ ಕನ್ನಡಿ ಅವರ ಅರ್ಧ ಜೀವ. ಕಂಡಕ್ಟರು ಎರಡು ಸಲ ಸೀಟಿ ಊದಿದರೂ ಬಸ್ಸು ಕದಲುತ್ತಿರಲಿಲ್ಲ. ಕಂಡಕ್ಟರು ರೇಗಿ, “ಅಣ್ಣಾ, ಸೀಟಿ ಹೊಡದೀನಿ,” ಎಂದರೆ, “ಕೇಳೇತಪಾ. ಆ ಯವ್ವ ಗಂಟ ಎತ್ತಿಟ್ಟು ಕುಂದರ್ಲಿ,” ಎನ್ನುತ್ತಿದ್ದರು. ಹಿಂದಿನ ಬಾಗಿಲ ಬಳಿ ಒಬ್ಬ ಮುದುಕಿ ಜೋಳದ ಗಂಟಿನೊಂದಿಗೆ ಒದ್ದಾಡುತ್ತಿರುವುದು ಕಂಡಕ್ಟರಿಗೆ ಆಗ ಕಾಣುತ್ತಿತ್ತು. ಆಕೆ ಕೂತ ಮೇಲೆ, ಕನ್ನಡಿಗೇ ಹೇಳಿದಂತೆ, “ಎಲ್ಲಾರೂ ಕೂತ್ರೇನ್ರಿ? ಹಂಗಾರ ಹೋಗೂಣು,” ಎಂದು ಗೇರು ಹಾಕುವರು. ಪ್ರತಿ ನಿಲುಗಡೆಯಲ್ಲೂ ಇದೇ ಮಾತು. ಹೊಸಬರು ತಮಗೇ ಕೇಳಿದರೆಂದು ತಿಳಿದು, “ಹೌದ್ರಿ,” ಎನ್ನುತ್ತಿದ್ದರು. ಹಳಬರು ನಿದ್ದೆಯಲ್ಲೇ “ಹೂಂ” ಎನ್ನುತ್ತಿದ್ದರು.

ಅವರು ಸ್ಟೇರಿಂಗ್ ಬಿಟ್ಟ ಬೆಳಿಗ್ಗೆ ನಾನು ಆ ಬಸ್ಸಿನಲ್ಲಿಯೇ ಇದ್ದೆ.

ಸೇತುವೆ ದಾಟಿದ ಮೇಲೆ ಬಸ್ಸನ್ನು ಬಾಜೂಕ ತೆಗೆದುಕೊಂಡು ನಿಲ್ಲಿಸಿದರು. “ಎಡಗಡೆ ಕನ್ನಡಿ ಒರಸಪಾ, ಮಸಕಾಗೈತಿ,” ಎಂದು ಕಂಡಕ್ಟರಿಗೆ ಹೇಳಿದರು. ಆತ ಇಳಿದು ಕರವಸ್ತ್ರದಿಂದ ಒರೆಸಿ ಹತ್ತಿದ. ಸ್ವಲ್ಪ ದೂರ ಹೋಗಿ ಬಸ್ಸು ಮತ್ತೆ ನಿಂತಿತು.

“ಒರಸಲಿಲ್ಲೇನ್ಲೇ?”

“ಒರಸೀನಿ ಅಣ್ಣಾ. ಅದರಾಗ ನನ್ನ ಮಾರಿ ಅಗದಿ ಸ್ವಚ್ಛ ಕಾಣ್ತು.”

ಅವರೇ ಇಳಿದರು. ಬಸ್ಸನ್ನು ಸುತ್ತಿ ಹೋಗಿ ಕನ್ನಡಿಯ ಮುಂದೆ ನಿಂತು ಬೆರಳಿನಿಂದ ಮುಟ್ಟಿ ನೋಡಿದರು. ತಿರುಗಿ ಬಂದು ತಮ್ಮ ಸೀಟಿನಲ್ಲಿ ಕೂತು, ಬಲಗಣ್ಣಿಗೆ ಅಂಗೈ ಮುಚ್ಚಿಕೊಂಡರು. ಆಮೇಲೆ ಎಡಗಣ್ಣಿಗೆ. ಮತ್ತೆ ಬಲಗಣ್ಣಿಗೆ. ಹಿಂದೆ ಕೂತ ನನಗೆ ಅವರ ಮೊಣಕೈ ಏರಿಳಿಯುವುದು ಮಾತ್ರ ಕಾಣುತ್ತಿತ್ತು.

“ಕನ್ನಡಿ ಸ್ವಚ್ಛ ಐತಿ,” ಎಂದು ಕೀಲಿ ತಿರುವಿ ಎಂಜಿನ್ನು ಬಂದ್ ಮಾಡಿದರು. “ಈ ಗಾಡಿ ನಾ ಮುಂದ ಒಯ್ಯಂಗಿಲ್ಲ. ಹಿಂದಿನ ಗಾಡಿ ಬರತೈತಿ, ಎಲ್ಲಾರನ್ನೂ ಅದಕ್ಕ ಹತ್ತಸು.”

ಗೊಣಗಾಟ ಎದ್ದಿತು. ಮುಂದಿನ ಸೀಟಿನ ಒಬ್ಬ ಯಜಮಾನರು, “ಅಣ್ಣಿಗೇರಿ ಇಲ್ಲೇ ಐತಲ್ರಿ, ಸಾವಕಾಶ ಹೋದ್ರ ಆತು,” ಎಂದರು.

“ಸಾವಕಾಶ ಹೋದ್ರೂ ಬಾಜೂಕ ಬರೋ ಮನಷ್ಯಾ ಕಾಣಬೇಕಲ್ರಿ,” ಎಂದರು ಇವರು. ಸಿಟ್ಟಿಲ್ಲ, ದುಃಖವಿಲ್ಲ. ಸೀಟು ಖಾಲಿ ಇಲ್ಲ ಎಂದು ಹೇಳುವಷ್ಟು ಸಾದಾ ಮಾತು. ಇಳಿದು ಹೋಗಿ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತರು, ಕೀಲಿ ಕೈಯಲ್ಲಿ.

ವರ್ಷಗಟ್ಟಲೆ ನಾನು ದಾರಿ ಕಾಯುತ್ತಿದ್ದ ಅನಾಹುತ ಕೊನೆಗೂ ಆ ಬಸ್ಸಿಗೆ ಬಂದಿತ್ತು. ಆದರೆ ಬಂದದ್ದು ನನಗಲ್ಲ.

ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ಇಳಿದಿತ್ತು. ಎಡಗಣ್ಣು ಹೋಯಿತು. ಬಲಗಣ್ಣಿಗೆ ಹುಬ್ಬಳ್ಳಿಯಲ್ಲಿ ಇಂಜೆಕ್ಷನ್ನು ಕೊಡುತ್ತಿದ್ದರು. ಅದು ಎಷ್ಟು ಕಾಲ ಉಳಿದೀತೆಂದು ಡಾಕ್ಟರು ಬಾಯಿಬಿಟ್ಟು ಹೇಳಲಿಲ್ಲ. ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಅಲ್ಲಿಂದಲೇ ನಿವೃತ್ತರಾದರು. ಬಸ್ಸಿನಲ್ಲಿ ಅವರ ಜಾಗಕ್ಕೆ ಬಂದ ತರುಣ ಚಂದ ಓಡಿಸುತ್ತಾನೆ. ನನ್ನ ಕಾಲನ್ನು ಮಾತ್ರ ಗಮನಿಸುವುದಿಲ್ಲ.

ಮತ್ತೆ ಅವರನ್ನು ಕಂಡದ್ದು ಕಂಪ್ಯೂಟರ್ ಅಂಗಡಿಯಲ್ಲಿ.

ನವಲಗುಂದದ ಜಮಖಾನೆ ನೇಯುವ ಮುಸ್ಲಿಂ ಮನೆತನವೊಂದರ ಹೆಣ್ಣುಮಗಳು ಆ ಅಂಗಡಿಯ ಒಡತಿ. ಮುಂದಿನ ಕೋಣೆಯಲ್ಲಿ ಅರ್ಜಿ ತುಂಬುವುದು, ಝೆರಾಕ್ಸು, ಫೋಟೋ. ಹಿಂದಿನ ಕೋಣೆಯಲ್ಲಿ ಆಟದ ಕಂಪ್ಯೂಟರುಗಳ ಜೋಡಣೆ. ಅದರ ಆಚೆ ಮನೆ; ಅಲ್ಲಿ ಆಕೆಯ ತಾಯಿ ಈಗಲೂ ಮಗ್ಗಕ್ಕೆ ಕೂಡುತ್ತಾರೆ. ಅಂಗಡಿಯಾಕೆ ಹುಡುಗಿಯಾಗಿದ್ದಾಗ ಕಾಲೇಜಿಗೆ ಇದೇ ಡ್ರೈವರಿನ ಬಸ್ಸಿನಲ್ಲಿ ಓಡಾಡಿದವಳು. ಅವರನ್ನು 'ಕಾಕಾ' ಎನ್ನುತ್ತಾಳೆ. ಅವರು ಆಕೆಯನ್ನು 'ತಂಗಿ' ಎನ್ನುತ್ತಿದ್ದರು.

ನಾನು ಹೋದದ್ದು ಮಗಳಿಗಾಗಿ. ಧಾರವಾಡದಲ್ಲಿ ಓದುವ ಮಗಳು ಆಟದ ಕಂಪ್ಯೂಟರು ಬೇಕು, ಅದರಲ್ಲಿ ಮೇಲಿನ ದರ್ಜೆಯ ಗ್ರಾಫಿಕ್ಸ್ ಕಾರ್ಡೇ ಬೇಕು ಎಂದು ಹಟ ಹಿಡಿದಿದ್ದಳು. ಪರದೆಯ ಮೇಲಿನ ಚಿತ್ರವನ್ನು ಕ್ಷಣಕ್ಷಣಕ್ಕೂ ಹೊಸದಾಗಿ ಬಿಡಿಸುವುದು ಈ ಕಾರ್ಡಿನ ಕೆಲಸ ಎಂಬಷ್ಟನ್ನು ತಿಳಿದುಕೊಳ್ಳಲು ನನಗೆ ಒಂದು ವಾರ ಹಿಡಿಯಿತು. ಅದರಲ್ಲಿ ಎರಡು ಪಂಗಡಗಳಿವೆ, ಒಂದು ಹಸಿರು ಡಬ್ಬಿಯದು, ಇನ್ನೊಂದು ಕೆಂಪು ಡಬ್ಬಿಯದು, ಎರಡರ ಅಭಿಮಾನಿಗಳೂ ಚುನಾವಣೆಯ ಹಾಗೆ ಬಡಿದಾಡುತ್ತಾರೆ ಎಂದು ತಿಳಿದ ಮೇಲಂತೂ ನನ್ನ ನಿದ್ದೆ ಹೋಯಿತು. ಹಸಿರಿನದು ಬೆಳಕು, ನೆರಳು, ನೀರಿನ ಹೊಳಪನ್ನು ಚೆನ್ನಾಗಿ ಬಿಡಿಸುತ್ತದಂತೆ. ಕೆಂಪಿನದರಲ್ಲಿ ಅದೇ ಬೆಲೆಗೆ ನೆನಪಿನ ಜಾಗ, ಅಂದರೆ ಮೆಮೊರಿ, ಹೆಚ್ಚಂತೆ. ಒಂದರ ವಯರಿನ ತುದಿ ಸರಿಯಾಗಿ ಕೂಡದಿದ್ದರೆ ಕರಗುತ್ತದೆಂದು ಯಾರೋ ಹೇಳಿದರು. ಅವತ್ತಿನಿಂದ ನನಗೆ ಕನಸಿನಲ್ಲೂ ಸುಟ್ಟ ವಾಸನೆ.

ಹಿಂದಿನ ಕೋಣೆಗೆ ಕಾಲಿಟ್ಟರೆ ಜಮಖಾನೆಯ ಮೇಲೆ ಒಂದು ಕುರ್ಚಿ. ಮುಂದೆ ದೊಡ್ಡ ಪರದೆ, ಮೇಜಿಗೆ ಬಿಗಿದ ಸ್ಟೇರಿಂಗು, ಕೆಳಗೆ ಪೆಡಲುಗಳು. ಕುರ್ಚಿಯಲ್ಲಿ ನೆಟ್ಟಗೆ ಕೂತ ಬೆನ್ನು. ಆ ಬೆನ್ನನ್ನು ನಾನು ಎಲ್ಲಿದ್ದರೂ ಗುರುತಿಸುತ್ತಿದ್ದೆ. ಪರದೆಯ ಮೇಲೆ ನಮ್ಮ ಬಸ್ಸು, ನಮ್ಮ ನವಲಗುಂದ–ಅಣ್ಣಿಗೇರಿ ರಸ್ತೆ.

ಬಸ್ಸು ಓಡಿಸುವ ಆಟವೊಂದಕ್ಕೆ ಆಡುವವರು ತಮ್ಮೂರಿನ ರಸ್ತೆಯನ್ನು ತಾವೇ ಮಾಡಿ ಸೇರಿಸಬಹುದಂತೆ. ಅಂಗಡಿಯಾಕೆ ಬಸ್ಸಿನ ಕಿಡಕಿಯಿಂದ ಮೊಬೈಲು ಹಿಡಿದು ಹಾದಿಯನ್ನೆಲ್ಲ ಚಿತ್ರೀಕರಿಸಿಕೊಂಡು, ತಾಯಿ ಜಮಖಾನೆಯ ನಮೂನೆ ಹಾಕುವ ಚೌಕುಳಿ ಹಾಳೆಯ ಮೇಲೆ ಮರ, ಮೈಲುಗಲ್ಲು, ತಿರುವುಗಳನ್ನು ಗುರುತು ಹಾಕಿ, ಅಂಗಡಿ ಖಾಲಿ ಇದ್ದಾಗೆಲ್ಲ ಕೂತು ಅದನ್ನು ಕಟ್ಟಿದ್ದಳು. ತಾಯಿ ಒಮ್ಮೆ ಬಂದು ನೋಡಿ, “ರಸ್ತಾ ಸೀದಾ ಬಂದೈತಿ. ಎರಿ ಹೊಲಕ್ಕ ಕರೀ ಬಣ್ಣ ಕಡಿಮಿ ಆತು,” ಎಂದು ಹೇಳಿ ಮಗ್ಗಕ್ಕೆ ಹೋದರಂತೆ. ಬಣ್ಣ ಹೆಚ್ಚಿಸಿದಳು.

“ಕಾಕಾ ಕಟ್ಟಿ ಮ್ಯಾಲ ಕೀಲಿ ಹಿಡಕೊಂಡ ಕುಂತಿದ್ದು ನಾನೂ ಹಿಂದಿನ ಬಸ್ಸಿನಾಗಿಂದ ನೋಡೀನ್ರಿ ಸರ,” ಎಂದಳು ನನಗೆ, ಮೆಲ್ಲಗೆ. “ಕೊನೀ ಟ್ರಿಪ್ ಅರ್ಧಕ್ಕ ನಿಂತೈತಿ ಅವರದು.”

ಅವರು ದಿನಾ ಮಧ್ಯಾಹ್ನ ಬರುತ್ತಿದ್ದರು. ಉಳಿದ ಒಂದು ಕಣ್ಣಿನ ನೋಟ ಎಷ್ಟು ದಿನವೋ ಅಷ್ಟು ದಿನ ಆ ಹಾದಿಯಲ್ಲಿ ಹೋಗಿಬರಬೇಕು. ಅವರಿಗೆ ಬೇಕಾಗಿದ್ದುದು ಅಷ್ಟೇ.

ತೊಂದರೆ ಇದ್ದದ್ದು ಕನ್ನಡಿಯಲ್ಲಿ. ಆಟದೊಳಗಿನ ಬಸ್ಸಿಗೂ ಕನ್ನಡಿಗಳಿವೆ. ಎದುರಿನ ರಸ್ತೆಯನ್ನು ಬಿಡಿಸುವಾಗಲೇ ಕಾರ್ಡು ಹಿಂದಿನ ನೋಟವನ್ನೂ ಬೇರೆಯಾಗಿ ಬಿಡಿಸಬೇಕು. ಅದು ಭಾರಿ ಕೆಲಸ. ಆದ್ದರಿಂದ ಸಾಮಾನ್ಯ ಕಾರ್ಡುಗಳಲ್ಲಿ ಕನ್ನಡಿಯನ್ನು ಮಸುಕು ಮಾಡಿ ಬಿಡುತ್ತಾರೆ, ಇಲ್ಲವೇ ಬಂದ್ ಮಾಡುತ್ತಾರೆ. ಆಡುವ ಹುಡುಗರಿಗೆ ಅದರ ಖಬರೇ ಇರುವುದಿಲ್ಲ, ಅವರಿಗೆ ಬೇಕಾದ್ದೆಲ್ಲ ಮುಂದಿದೆ. ಇವರು ಮೊದಲ ದಿನವೇ ಮೇಲಕ್ಕೆ ನೋಡಿ, “ತಂಗಿ, ಹಿಂದ ಮಂದೀನ ಇಲ್ಲಲ್ಲ,” ಎಂದಿದ್ದರಂತೆ. ಆಕೆ ಒಳಗನ್ನಡಿಯೊಳಗೆ ಪ್ರಯಾಣಿಕರನ್ನು ಕೂಡಿಸಿದಳು. ಕೂಡಿಸಿದ್ದೇ ತಡ, ಅಂಗಡಿಯ ಹಳೆಯ ಕಾರ್ಡು ಸೇತುವೆಯ ಮೇಲೆ ತಡವರಿಸಿ ತಡವರಿಸಿ ನಿಂತುಹೋಯಿತು. ಮಂದಿಯೊಂದಿಗೆ ಅಣ್ಣಿಗೇರಿ ಮುಟ್ಟುವುದು ಮೇಲಿನ ದರ್ಜೆಯ ಕಾರ್ಡಿಗೆ ಮಾತ್ರ ಸಾಧ್ಯವಿತ್ತು.

ಅಂಥ ಕಾರ್ಡು ಅಂಗಡಿಯಲ್ಲಿ ಉಳಿಯುವುದಿಲ್ಲ; ಗಿರಾಕಿಗಾಗಿ ಬರುತ್ತದೆ, ಜೋಡಿಸಿದ ಮೇಲೆ ಹೋಗುತ್ತದೆ. ಹಾಗಾಗಿ ಒಂದು ಪದ್ಧತಿ ಬೆಳೆಯಿತು. ಮೊರಬದವರದಿರಲಿ, ಕುಂದಗೋಳದವರದಿರಲಿ, ಆ ಅಂಗಡಿಯಲ್ಲಿ ಜೋಡಿಸಿದ ಪ್ರತಿಯೊಂದು ದೊಡ್ಡ ಕಾರ್ಡೂ ಗಿರಾಕಿಯ ಮನೆಗೆ ಹೋಗುವ ಮೊದಲು ಕಾಕಾನ ಕೈಯಲ್ಲಿ ಒಂದು ಸಲ ಅಣ್ಣಿಗೇರಿಗೆ ಹೋಗಿಬರಬೇಕು. ಇದಕ್ಕೆ 'ಪಾಸಿಂಗ್' ಎಂದು ಹೆಸರು, ಹೊಸ ಗಾಡಿಗೆ ಆರ್‌ಟಿಓ ಆಫೀಸಿನಲ್ಲಿ ಮಾಡಿಸುವಂತೆ. ಆಕೆಗೆ ಅದು ಕಾರ್ಡಿನ ಶಾಖ, ಫ್ಯಾನು ನೋಡಿಕೊಳ್ಳುವ ಪರೀಕ್ಷೆ. ಅವರಿಗೆ ಒಂದು ಟ್ರಿಪ್ಪು. ಬರಬರುತ್ತ ಗಿರಾಕಿಗಳೇ ಫೋನು ಮಾಡಿ, “ಪಾಸಿಂಗ್ ಆತೇನ್ರಿ? ಕಾಕಾ ಏನಂದ್ರು?” ಎಂದು ಕೇಳತೊಡಗಿದರು.

ಅವರ ತೀರ್ಪುಗಳು ವಿಚಿತ್ರ. ಹಸಿರು ಡಬ್ಬಿಯ ಕಾರ್ಡೊಂದರಲ್ಲಿ ನಡುನಡುವಿನ ಚಿತ್ರಗಳನ್ನು ಕಾರ್ಡೇ ಊಹಿಸಿ ತುಂಬಿಕೊಳ್ಳುವ ವ್ಯವಸ್ಥೆಯಿತ್ತು. ನೋಡಲು ಬೆಣ್ಣೆಯಂತೆ ನುಣುಪು. ನಾನು ಬೆರಗಾಗಿ ನೋಡುತ್ತಿದ್ದೆ. ಅವರು ಮೊದಲ ತಿರುವಿನಲ್ಲೇ ಮುಖ ಸಿಂಡರಿಸಿದರು.

“ಸ್ಟೇರಿಂಗಿನಾಗ ಪ್ಲೇ ಐತಿ ತಂಗಿ. ನಾ ತಿರುವೀದ ಮ್ಯಾಲ ವಿಚಾರ ಮಾಡಿ ತಿರಗತೈತಿ.”

ಆಕೆ ಆ ವ್ಯವಸ್ಥೆಯನ್ನು ಬಂದ್ ಮಾಡಿದಳು.

“ಈಗ ಬರೊಬ್ಬರಿ. ಮೊದ್ಲು ಸುಳ್ಳ ಹೇಳಾಕತ್ತಿತ್ತು.”

ಹಾಗೆಂದು ಅವರ ಮಾತೆಲ್ಲ ವೇದವಾಕ್ಯವಲ್ಲ. ಒಮ್ಮೆ ಭಾರಿ ಸದ್ದು ಮಾಡುತ್ತಿದ್ದ ಕೆಂಪು ಡಬ್ಬಿಯ ಕಾರ್ಡಿಗೆ, “ಎಂಜಿನ್ನಿಗೆ ದಮ್ಮ ಐತಿ ನೋಡ,” ಎಂದು ಮೆಚ್ಚಿ ಪಾಸು ಮಾಡಿಬಿಟ್ಟಿದ್ದರು. ಆಮೇಲೆ ಬಿಚ್ಚಿ ನೋಡಿದರೆ ಸಡಿಲಾದ ವಯರೊಂದು ಫ್ಯಾನಿಗೆ ಬಡಿಯುತ್ತಿತ್ತು. ಇನ್ನೊಮ್ಮೆ ಮಹಾನವಮಿಯ ಖಂಡೇಪೂಜೆ. ಊರಿನ ಬಸ್ಸು, ಟ್ರ್ಯಾಕ್ಟರುಗಳಿಗೆಲ್ಲ ಪೂಜೆಯಾಗುವಾಗ ಇದಕ್ಕೇಕೆ ಇಲ್ಲ ಎಂದು, ಆಕೆ ಮುಂದಿನ ಕೋಣೆಯಲ್ಲಿದ್ದಾಗ ತೆರೆದ ಪೆಟ್ಟಿಗೆಯೊಳಗಿನ ಕಾರ್ಡಿಗೆ ಕೈತುಂಬ ವಿಭೂತಿ ಬಳಿದು ಚೆಂಡುಹೂ ಏರಿಸಿದರು. ಆಮೇಲೆ ಗಾಡಿ ಚಾಲೂ ಮಾಡಿದರು. ಕಾರ್ಡಿನ ಮೂರೂ ಫ್ಯಾನುಗಳು ವಿಭೂತಿಯನ್ನು ಎತ್ತಿ ಕೋಣೆಯ ತುಂಬ ಹರಡಿದವು. ಆಕೆ ಓಡಿಬಂದಾಗ ಬೆಳ್ಳಗಿನ ಮೋಡದ ನಡುವೆ ಬೆಳ್ಳಗೆ ಕೂತಿದ್ದರಂತೆ.

“ಏನ್ ಮಾಡೀರಿ ಕಾಕಾ ಇದು? ಗಿರಾಕೀದು ಐತಿ ಅದು.”

“ಪೂಜಿ ಮಾಡೀನಿ. ಅದು ಅರ್ಧಾ ತಾ ತಗೊಂಡು ಅರ್ಧಾ ನನಗ ಹಚ್ಚತು.”

ಆ ಕಾರ್ಡನ್ನು ಬಿಚ್ಚಿ ಕುಂಚದಿಂದ ಸ್ವಚ್ಛ ಮಾಡಲು ಆಕೆಗೆ ಒಂದಿಡೀ ದಿನ ಹಿಡಿಯಿತು. ಅಲ್ಲಿಂದ ಮುಂದೆ ವಿಭೂತಿ ಪೆಟ್ಟಿಗೆಯ ಹೊರಗೆ, ಒಂದೇ ಬೆರಳಿನಷ್ಟು ಎಂದು ಒಪ್ಪಂದವಾಯಿತು. ಆ ಗುರುತಿಲ್ಲದೆ ಬಂದ ಪೆಟ್ಟಿಗೆಯನ್ನು ಮೊರಬದ ಒಬ್ಬ ಗಿರಾಕಿ, ಪಾಸಿಂಗ್ ಆಗಿಲ್ಲವೆಂದು ತಿರುಗಿ ತಂದಿದ್ದನಂತೆ.

ನಾನು ಮಾತ್ರ ಕೊಳ್ಳುವ ಮಾತೇ ಎತ್ತದೆ ತಿಂಗಳುಗಟ್ಟಲೆ ಅಲ್ಲಿ ಕೂತೆ. ಹೋಲಿಸುತ್ತಿದ್ದೆ. ಹಸಿರಿನದು ನಿರ್ಧಾರವಾದ ದಿನ ಕೆಂಪಿನದರ ಹೊಸ ಸುದ್ದಿ ಬರುತ್ತಿತ್ತು. ಅವರ ಟ್ರಿಪ್ಪು ನೋಡುತ್ತ ಹಿಂದಿನ ಸ್ಟೂಲಿನಲ್ಲಿ ಕೂತರೆ, ಪರದೆಯೊಳಗಿನ ಒಳಗನ್ನಡಿಯಲ್ಲಿ ಮೊದಲ ಸೀಟಿನ ಪ್ರಯಾಣಿಕ ಕಾಣುತ್ತಿದ್ದ. ಬೋಳುತಲೆ, ಎದೆಗವಚಿದ ಚೀಲ, ಸೇತುವೆ ಬಂದಾಗ ಸೆಟೆದುಕೊಳ್ಳುವ ಕಾಲು.

“ಯಾರಿವ?” ಎಂದೆ ಒಂದು ದಿನ.

ಅಂಗಡಿಯಾಕೆ ತನ್ನ ಕೆಲಸ ನೋಡಿಕೊಂಡಳು. ಅವರು ಸ್ಟೇರಿಂಗಿನಿಂದ ಕಣ್ಣು ತೆಗೆಯದೇ, “ಯಾರೋ ಮಾಸ್ತರ್ ಇರಬೇಕ್ರಿ,” ಎಂದರು.

ಕೊನೆಗೊಂದು ದಿನ ನಾನು, “ಅಣ್ಣಾರ, ಇನ್ನೊಂದ ನಾಕ ತಿಂಗಳಿಗೆ ಹೊಸಾ ಸರಣಿ ಬರತೈತಂತ. ಕಾಯೂಣೇನ್ರಿ?” ಎಂದು ಕೇಳಿದೆ.

“ಗಾಡಿ ಬರತೈತಿ ಅಂತ ಕಾಯೋದು ನಿಮ್ಮ ಕೆಲಸ ಸರ. ನಿಮಗ ರೂಢಿ ಐತಿ,” ಎಂದರು. ಕನ್ನಡಕ ತೆಗೆದು ಬಲಗಣ್ಣನ್ನು ಮುಂಗೈಯಿಂದ ಒತ್ತಿಕೊಂಡರು. “ನನಗಿಲ್ಲ. ನಾ ಇದ್ದ ಗಾಡಿ ತಗೊಂಡ ಹೋಗಾಂವ.”

ಅವತ್ತೇ ಮಗಳಿಗೆ ಹಸಿರು ಡಬ್ಬಿಯದನ್ನು ತರಿಸಲು ಹೇಳಿದೆ. ಅದೇ ವಾರ ಅಣ್ಣಿಗೇರಿಯ ಕಾಳಿನ ವ್ಯಾಪಾರಿಯೊಬ್ಬರ ಮನೆಗೆಂದು ಅದೇ ದರ್ಜೆಯ ಕೆಂಪು ಡಬ್ಬಿಯದೂ ಬಂತು. ಎರಡೂ ಒಟ್ಟಿಗೆ ಬಂದದ್ದು ಅಂಗಡಿಯ ಇತಿಹಾಸದಲ್ಲೇ ಮೊದಲು. ಎರಡನ್ನೂ ಬಾಜೂಬಾಜೂಕ ಇಟ್ಟರೆ ಒಂದೊಂದೂ ಹೆಂಚಿನಷ್ಟು ಅಗಲ, ಇಟ್ಟಂಗಿಯಷ್ಟು ದಪ್ಪ. ತನ್ನ ಭಾರಕ್ಕೆ ತಾನೇ ಜೋಲುತ್ತಿದ್ದ ಕಾರ್ಡಿಗೆ ಅವರು, ಘಾಟಿನಲ್ಲಿ ಬಸ್ಸಿನ ಗಾಲಿಗೆ ಕೊಡುವಂತೆ, ಕೆಳಗಿನಿಂದ ಒಂದು ಕಟ್ಟಿಗೆಯ ತುಂಡು ಕೊಟ್ಟು ನಿಲ್ಲಿಸಿದರು. ಪಾಸಿಂಗಿಗೆ ಮೊದಲು ನನ್ನದು.

ಕೈ ತೊಳೆದು ಬಂದು, ಸ್ಟೇರಿಂಗಿಗೆ ನಮಸ್ಕರಿಸಿ ಕೂತರು. ಬಿಸಿಲು ಹೊಲದ ಮೇಲೆ ಬಿದ್ದಿತ್ತು. ಎರೆಮಣ್ಣಿನ ಬಿರುಕುಗಳೂ ಕಾಣುತ್ತಿದ್ದವು. ಜಾಲಿಗಿಡದ ನೆರಳು ಬಸ್ಸಿನ ಗಾಜಿನ ಮೇಲೆ ಹಾದುಹೋಗುತ್ತಿತ್ತು. ನಾನು ಕೊಟ್ಟ ದುಡ್ಡಿಗೆ ಮೊದಲ ಸಲ ಸಮಾಧಾನಪಟ್ಟೆ. ಸೇತುವೆ ದಾಟಿದ ಮೇಲೆ ಅವರು ಬಸ್ಸನ್ನು ಬಾಜೂಕ ತೆಗೆದುಕೊಂಡು ನಿಲ್ಲಿಸಿದರು.

“ತಂಗಿ, ಒಳಗಿನ ಕನ್ನಡಿ ಮಸಕ ಬರಾಕತ್ತೈತಿ. ಒಂದಿಷ್ಟು ಜೋರ ಮಾಡ.”

ಆಕೆ ಬಾಗಿ ನೋಡಿದಳು. ಎಲ್ಲವೂ ಆಗಲೇ ಹೆಚ್ಚಿನದರಲ್ಲಿತ್ತು. ಕನ್ನಡಿಯೊಳಗೆ ಮುದುಕಿಯ ಸೀರೆಯ ಅಂಚು, ಗಂಟಿಗೆ ಕಟ್ಟಿದ ಹಗ್ಗ ಕೂಡ ನನಗೆ ಕಾಣುತ್ತಿತ್ತು. ನನ್ನ ಬೋಳುತಲೆಯ ಹೊಳಪು ಕಾಣುತ್ತಿತ್ತು. ಆಕೆ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

“ಹೌದ್ರಿ ಕಾಕಾ,” ಎಂದಳು. “ಈ ಕಾರ್ಡ ಸ್ವಲ್ಪ ಡೌನ್ ಐತಿ. ಕೆಂಪನ್ನದು ಹಾಕಿ ನೋಡೂಣು.”

ಕಾರ್ಡು ಬದಲಿಸಿ, ಅದಕ್ಕೆ ಬೇಕಾದ ಸಾಫ್ಟ್‌ವೇರು ಕೂಡಿಸುವತನಕ ಚಹಾ ಬಂತು. ಗೋಡೆಯಾಚೆ ತಾಯಿ ನೇಯ್ದ ಎಳೆಯನ್ನು ಪಂಜ ಎಂಬ ಹಣಿಗೆಯಿಂದ ಬಡಿದು ಕೂಡಿಸುವ ಸದ್ದು ಕೇಳುತ್ತಿತ್ತು. ನನ್ನ ಎಂದಿನ ಚಿಂತೆಗಳಾವುವೂ ಆಗ ಇರಲಿಲ್ಲ. ಒಂದೇ ಇತ್ತು.

ಕೆಂಪಿನದು ಚಾಲೂ ಆಯಿತು. ಅದೇ ರಸ್ತೆ, ಅದೇ ಬಿಸಿಲು. ಅವರು ಸೇತುವೆಯವರೆಗೂ ಹೋಗಲಿಲ್ಲ. ಮೊದಲ ನಿಲುಗಡೆಯಲ್ಲೇ ನಿಲ್ಲಿಸಿ ಮೇಲೆ ನೋಡಿದರು. ಕನ್ನಡಕ ತೆಗೆದರು. ಪಂಚೆಯ ತುದಿಯಿಂದ ಒರೆಸಿದರು. ಹಾಕಿಕೊಂಡು ಮತ್ತೆ ನೋಡಿದರು. ಮುಂದೆ ಬಾಗಿ, ಪರದೆಯೊಳಗಿನ ಕನ್ನಡಿಯನ್ನು ಬೆರಳಿನಿಂದ ಮುಟ್ಟಿದರು.

ಆಮೇಲೆ ಎಡಗಣ್ಣಿಗೆ ಅಂಗೈ ಮುಚ್ಚಿದರು. ಆ ಮೊಣಕೈ ಏರುವುದನ್ನು ನಾನು ಎರಡನೆಯ ಸಲ ಹಿಂದಿನಿಂದ ನೋಡಿದೆ.

“ತಂಗಿ,” ಎಂದರು, “ಕನ್ನಡಿ ಸ್ವಚ್ಛ ಐತೇನವಾ?”

ಆಕೆಯ ಕೈ ಮತ್ತೆ ಮೌಸಿನ ಕಡೆಗೆ ಹೋಯಿತು.

“ನನಗ ಸುಳ್ಳ ಹೇಳಬ್ಯಾಡ. ಹೇಳೂದಿದ್ರ ಗಿರಾಕಿಗೆ ಹೇಳ.”

“ಸ್ವಚ್ಛ ಐತ್ರಿ ಕಾಕಾ. ಎರಡರಾಗೂ.”

“ಹಂಗಾರ ಕಾರ್ಡ್ ಎರಡೂ ಪಾಸ್. ಡ್ರೈವರ್ ಫೇಲ್,” ಎಂದು ಕುರ್ಚಿಯಿಂದ ಎದ್ದರು. ಎರಡೂ ಪೆಟ್ಟಿಗೆಗಳ ಹೊರಗೆ ಒಂದೊಂದು ಬೆರಳಿನಷ್ಟು ವಿಭೂತಿ ಹಚ್ಚಿದರು, ಒಪ್ಪಂದದ ಪ್ರಕಾರ. ಪರದೆಯ ಮೇಲೆ ಬಸ್ಸು ನಿಲುಗಡೆಯಲ್ಲಿ ನಿಂತೇ ಇತ್ತು, ತುಂಬಿದ ಬಸ್ಸು.

“ಇವರನ್ನ ಮುಟ್ಟಸಬೇಕಲ್ಲ,” ಎಂದರು. “ಸರ, ಬರ್ರಿ. ಕೂಡ್ರಿ.”

“ನಾನೇನ್ರಿ? ನನಗ ಸೈಕಲ್ಲೂ ಹೊಡ್ಯಾಕ ಬರಂಗಿಲ್ಲ.”

“ಇಷ್ಟು ವರ್ಷ ನನ್ನ ಹಿಂದ ಕುಂತ ಬ್ರೇಕ್ ಹೊಡದೀರಿ. ಅರ್ಧಾ ಡ್ರೈವಿಂಗ್ ಬರತೈತಿ ನಿಮಗ.”

ಅಂಗಡಿಯಾಕೆ ನಗುತ್ತ ಕಣ್ಣೊರೆಸಿಕೊಂಡಳು. ನಾನು ಚಪ್ಪಲಿ ಬಿಟ್ಟು, ಕೈ ತೊಳೆದು ಬಂದು ಕೂತೆ. ಅವರು ನನ್ನ ಹಿಂದಿನ ಸ್ಟೂಲಿನಲ್ಲಿ ಕೂತರು. ಮುಂದೆ ರಸ್ತೆ, ಮೇಲೆ ಕನ್ನಡಿ, ಕೆಳಗೆ ಮೂರು ಪೆಡಲು, ಇಷ್ಟನ್ನೆಲ್ಲ ಒಬ್ಬನೇ ನೋಡಬೇಕು. ಎತ್ತಿನ ಗಾಡಿಗಿಂತ ಸಾವಕಾಶ ಹೊರಟೆ. ಒಂದು ಸಲ ಹೊಲಕ್ಕೂ ಇಳಿದುಬಂದೆ. ಹಳ್ಳದ ಸೇತುವೆ ಹತ್ತಿರ ಬಂದಾಗ ಹಿಂದಿನಿಂದ ಜಮಖಾನೆಯ ಮೇಲೆ ಏನೋ ಒತ್ತಿದ ಸದ್ದಾಯಿತು. ತಿರುಗಿ ನೋಡಿದೆ. ಅವರ ಬಲಗಾಲು ಜಮಖಾನೆಯನ್ನು ಅದುಮಿ ಹಿಡಿದಿತ್ತು.

“ಅಣ್ಣಾರ,” ಎಂದೆ, “ಬ್ರೇಕ್ ನೀವ ಹಿಡದ್ರ ನಾ ಏನ್ ಮಾಡ್ಲಿ?”

ಅವರು ತಮ್ಮ ಕಾಲನ್ನು ತಾವೇ ನೋಡಿಕೊಂಡು, ಮೈ ಅಲುಗುವಷ್ಟು ನಕ್ಕರು. ಅಷ್ಟು ನಕ್ಕದ್ದನ್ನು ನಾನು ಬಸ್ಸಿನಲ್ಲಿ ಎಂದೂ ನೋಡಿರಲಿಲ್ಲ. ನನಗೆ ಕಾಣುತ್ತಿದ್ದದ್ದು ಯಾವಾಗಲೂ ಬೆನ್ನು, ಕನ್ನಡಿಯಲ್ಲಿ ಕಣ್ಣು.

“ಮುಂದ ನೋಡ್ರಿ ಸರ,” ಎಂದರು. ಸೇತುವೆ ದಾಟಿದ ಮೇಲೆ ಒಂದು ನಿಲುಗಡೆ ಬಂತು. ನಿಲ್ಲಿಸಿದೆ. ಮಂದಿ ಹತ್ತಿದರು. ನನಗೆ ಹೊರಡುವ ಅವಸರ, ಕಾಲು ಪೆಡಲಿನ ಮೇಲಿತ್ತು.

“ತಡೀರಿ. ಕನ್ನಡಿ ನೋಡಿ ಹೇಳ್ರಿ ನನಗ.”

ನೋಡಿದೆ. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಮುದುಕಿ ಗಂಟನ್ನು ಕಾಲಬುಡಕ್ಕೆ ಇಟ್ಟುಕೊಳ್ಳುತ್ತಿದ್ದಾಳೆ. ಹಿಂದೆ ಕಾಲೇಜಿನ ಹುಡುಗಿಯರು ಕಿಡಕಿಗಾಗಿ ಜಗಳಾಡುತ್ತಿದ್ದಾರೆ. ತಲೆಗೆ ಪಟಕಾ ಸುತ್ತಿದವರೊಬ್ಬರು ಇನ್ನೂ ನಿಂತಿದ್ದಾರೆ, ಜಾಗ ಹುಡುಕುತ್ತಿದ್ದಾರೆ. ಮೊದಲ ಸೀಟಿನಲ್ಲಿ ಒಬ್ಬ ಮಾಸ್ತರು ಚೀಲ ಅವಚಿಕೊಂಡು ಅಂಜಿ ಕೂತಿದ್ದಾರೆ.

“ಅಂವಾ ಹಂಗ. ಅವನ ಬಿಡ್ರಿ,” ಎಂದರು. “ಪಟಕಾದವ್ರು?”

“ಕೂತ್ರು ನೋಡ್ರಿ, ಈಗ.”

“ಆ ಯವ್ವ?”

“ಕುಂತಾಳ್ರಿ.”

ಅವರು ಕಣ್ಣು ಮುಚ್ಚಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು.

“ಎಲ್ಲಾರೂ ಕೂತ್ರೇನ್ರಿ?”

“ಹೌದ್ರಿ,” ಎಂದೆ, ಹೊಸಬರ ಹಾಗೆ.

“ಹಂಗಾರ ಹೋಗೂಣು.”